ನಳಿಗೆಯಲ್ಲಿ ಉಳಿದ ಗುಂಡು

“ಆ ಡಬ್ಬಿ ಮೊದಲು ಹೊರಗೆ ಬಿಸಾಕು. ಆಮೇಲೆ ಮಾತು.”

“ಯಾಕೆ ಬಿಸಾಕಲಿ? ನನ್ನ ಗಂಡ ತಂದಿಟ್ಟಿದ್ದು ಇದು.”

“ನಿನ್ನ ಗಂಡನಿಗೆ ಬುದ್ಧಿ ಇರಲಿಲ್ಲ.”

“ಇರಲಿಲ್ಲ, ನಿಜ. ಇದ್ದಿದ್ರೆ ನಿನ್ನಂಥವನ ಹಿಂದೆ ಮೂವತ್ತು ವರ್ಷ ಈ ಗುಡ್ಡ ಹತ್ತಿ ಇಳೀತಿದ್ನಾ?”

ಹಾಗಂದು ರೋವೀನಾ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ನನ್ನ ಕಾಫಿ ತುಳುಕಿತು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸುವ ಹೆಂಗಸು ಅವಳು. ಅವಳ ದನಿಗೆ ನಮ್ಮ ಬೇಟೆ ಕ್ಯಾಂಪಿನ ಗುಡಿಸಲಿನ ಹಲಗೆ ಗೋಡೆ ಯಾವ ಲೆಕ್ಕ? ಹೊರಗೆ ಹೆಮ್ಲಾಕ್ ಮರದ ಮೇಲಿನ ಹಿಮ ಉದುರಿದ್ದು ಅವಳ ಕೂಗಿಗೇ ಇರಬೇಕು.

ಅವಳು ನನ್ನ ತಮ್ಮ ಡೆಲ್ಮರ್‌ನ ಹೆಂಡತಿ. ಡೆಲ್ಮರ್ ಹೋದ ಫೆಬ್ರವರಿಯಲ್ಲಿ ತೀರಿಕೊಂಡ. ಊರಿನ ರಸ್ತೆ ಮೇಲಿನ ಹಿಮ ತೆಗೆಯುವ ಕೆಲಸ ಅವನದು. ಬೆಳಿಗ್ಗೆ ಸಲಿಕೆ ಹಿಡಿದು ನಿಂತವನು ಹಾಗೇ ಕುಸಿದ. ಐವತ್ತೊಂದು ವಯಸ್ಸು.

ಕ್ರಿಸ್ಮಸ್ ಕಳೆದು ಎರಡು ದಿನವಾಗಿತ್ತು. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಆ ಹಬ್ಬದ ಮಾರನೆಯ ದಿನದಿಂದ ಮೂರು ವಾರ ಚಕಮಕಿ ಕೋವಿಯವರು ಜಿಂಕೆ ಬೇಟೆಯಾಡುವ ಕಾಲ. ತೋಟೆ ಕೋವಿಯವರು ಆಗಲೇ ತಮ್ಮ ಪಾಲು ಮುಗಿಸಿ ಟಿವಿ ಮುಂದೆ ಕೂತಿರುತ್ತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಗಿಡಿದು, ಕಲ್ಲಿನ ಕಿಡಿಯಿಂದ ಹೊಡೆಯುವ ನಮ್ಮಂಥ ನಾಲ್ಕು ಹುಚ್ಚರು ಮಾತ್ರ ಆ ಚಳಿಯಲ್ಲಿ ಕಾಡಿಗೆ ಬರುತ್ತೇವೆ. ಅಪ್ಪ, ನಾನು, ಡೆಲ್ಮರ್. ಆಮೇಲೆ ನಾನು, ಡೆಲ್ಮರ್. ಈ ವರ್ಷ ನಾನೊಬ್ಬನೇ ಅಂದುಕೊಂಡು ಬಂದಿದ್ದೆ. ಬೆಳಿಗ್ಗೆ ಎಂಟಕ್ಕೆ ರೋವೀನಾಳ ಟ್ರಕ್ಕು ಗುಡ್ಡ ಹತ್ತಿ ಬಂತು. ಕಂಬಳಿಯಲ್ಲಿ ಸುತ್ತಿದ, ಡೆಲ್ಮರ್‌ನ ಪಾಲಿಗೆ ಬಂದಿದ್ದ ಅಪ್ಪನ ಕೋವಿ, ಬೀಟ್‌ರೂಟ್ ನೀರಲ್ಲಿ ಹಾಕಿದ ಕೆಂಪು ಮೊಟ್ಟೆಯ ಭರಣಿ, ಮತ್ತೆ ಈ ಡಬ್ಬಿ. ಇಷ್ಟು ಇಳಿಸಿಕೊಂಡು ಒಳಗೆ ಬಂದು, “ಹಾರ್ಲನ್, ನನಗೆ ಹೊಡೆಯೋದು ಹೇಳಿಕೊಡು” ಅಂದಳು.

ಹೇಳಿಕೊಡಲು ನನಗೇನೂ ಅಡ್ಡಿ ಇರಲಿಲ್ಲ. ಅಡ್ಡಿಯಾಗಿದ್ದು ಆ ಡಬ್ಬಿ. ಅದರ ಮುಚ್ಚಳದ ಮೇಲೆ ಬೆಂಕಿ ಬಣ್ಣದ ಅಕ್ಷರ, ಕೊಂಬೆತ್ತಿದ ಗಂಡು ಜಿಂಕೆ. ಒಳಗೆ ಮೂತಿಗುಂಡು. ಹೆಬ್ಬೆರಳಿನ ತುದಿಯಷ್ಟು ಉದ್ದ, ಮುಂದೆ ಚೂಪು, ಬುಡಕ್ಕೆ ಪ್ಲಾಸ್ಟಿಕ್ ಬಟ್ಟಲು. ಆ ಡಬ್ಬಿಯನ್ನು ನಾನು ಮೊದಲ ಸಲ ನೋಡುತ್ತಿರಲಿಲ್ಲ.

“ಮಾಂಸ ಬೇಕಾದ್ರೆ ನಾನು ಹೊಡೆದಿದ್ರಲ್ಲಿ ಅರ್ಧ ಕೊಡ್ತೀನಿ” ಅಂದೆ.

“ನಿನ್ನ ದಾನ ಯಾರಿಗೆ ಬೇಕು? ಇಪ್ಪತ್ತಾರು ವರ್ಷ ನನ್ನ ಫ್ರೀಜರ್‌ನಲ್ಲಿ ಜಿಂಕೆ ಮಾಂಸ ಇಲ್ಲದ ಚಳಿಗಾಲ ಇಲ್ಲ. ಈಗ ತೆಗೆದ್ರೆ ಬರೀ ಐಸು. ಒಂದು ಪೊಟ್ಟಣ ಬಟಾಣಿ. ನಾನೇ ಹೊಡೀತೀನಿ. ಅವನ ಕೋವೀಲಿ, ಅವನ ಗುಂಡಲ್ಲಿ.”

“ಅದು ಅವನ ಕೋವಿ. ಇದು ಅವನ ಗುಂಡಲ್ಲ.”

“ನಿನಗೆ ಹೇಗೆ ಗೊತ್ತು?”

ನನಗೆ ಗೊತ್ತಿರಲಿಲ್ಲ. ಹನ್ನೊಂದು ತಿಂಗಳಿಂದ ನನ್ನ ನಿದ್ದೆ ಕೆಡಿಸಿದ್ದು ಅದೇ.

ಆ ವರ್ಷದ ಜನವರಿ ಮೊದಲ ವಾರದಲ್ಲಿ ಡೆಲ್ಮರ್ ಒಂದು ಹೆಣ್ಣು ಜಿಂಕೆಗೆ ಹೊಡೆದ. ನಮ್ಮ ಮಾಮೂಲಿ ಗೋಲಿಗುಂಡು, ಬಟ್ಟೆ ಸುತ್ತಿದ್ದು. ಏಟು ಹಿಂದಕ್ಕೆ ಬಿತ್ತು. ರಕ್ತದ ಜಾಡು ಹಳ್ಳದವರೆಗೆ ಹೋಗಿ ನೀರಿನಲ್ಲಿ ಕಾಣೆಯಾಯಿತು. ಅವನು ಎರಡು ದಿನ ಹುಡುಕಿದ. ನಾನು ಮೊಣಕಾಲು ನೋವು ಅಂತ ಒಲೆ ಮುಂದೆ ಕೂತಿದ್ದೆ. ನಿಜಕ್ಕೂ ನೋಯುತ್ತಿತ್ತೋ ಇಲ್ಲವೋ ಈಗ ಹೇಳಲಾರೆ. ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ಈ ಡಬ್ಬಿ ತಂದ. “ಇದು ಭಾರದ್ದು. ಒಂದೇ ಏಟಿಗೆ ಮಲಗುತ್ತಂತೆ. ಈಗ ಕಾನೂನೂ ಒಪ್ಪುತ್ತೆ” ಅಂದ. ನಾನು ಅಂದದ್ದು: “ತಪ್ಪು ಗುಂಡಿಂದಲ್ಲ, ಹೊಡೆದವನದ್ದು. ಇದನ್ನ ಅಪ್ಪನ ಕೋವಿಗೆ ತುರುಕೋದಾದ್ರೆ ಈ ಬಾಗಿಲಿಗೆ ಬರಬೇಡ.”

ಅವನು ಕೋವಿ ಎತ್ತಿಕೊಂಡು ಹೋದ. ಪ್ರತಿ ಕ್ರಿಸ್ಮಸ್‌ಗೆ ಗುಂಡಿಗೆ ಸುತ್ತಲು ನಾನು ಕತ್ತರಿಸಿ ಕೊಡುತ್ತಿದ್ದ ಬಟ್ಟೆ ಬಿಲ್ಲೆಗಳ ತಗಡಿನ ಕರಡಿಗೆಯನ್ನು ಮೇಜಿನ ಮೇಲೇ ಬಿಟ್ಟ. ಬಾಗಿಲನ್ನೂ ತೆರೆದೇ ಬಿಟ್ಟ. ಬಾಗಿಲು ಹಾಕೋದು ಅವನಿಗೆ ಚಿಕ್ಕಂದಿನಿಂದಲೂ ಬರುತ್ತಿರಲಿಲ್ಲ. ಆಮೇಲೆ ಒಂದೇ ಸಲ ಮೇವಿನ ಅಂಗಡಿ ಹತ್ತಿರ ಸಿಕ್ಕ. ಇಬ್ಬರೂ ಟ್ರಕ್ಕಿನ ಟೈರಿನ ಬಗ್ಗೆ ಮಾತಾಡಿದೆವು. ಆಮೇಲೆ ಫೆಬ್ರವರಿ ಬಂತು.

ಇದೆಲ್ಲ ರೋವೀನಾಳಿಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

“ಸರಿ. ಕಲಿಯೋದಾದ್ರೆ ಮೊದಲಿಂದ ಕಲಿ. ಕೋವಿ ಕೈಗೆ ಬಂದ ತಕ್ಷಣ ಏನು ಮಾಡಬೇಕು?” ಅಂದೆ.

“ಒರೆಸಬೇಕು.”

“ಅಡುಗೆಮನೆ ಬುದ್ಧಿ. ಗಜ ಇಳಿಸಿ ನೋಡಬೇಕು. ಒಳಗೆ ಏನಾದ್ರೂ ಇದೆಯಾ ಅಂತ.”

ಗಜ ಅಂದರೆ ಗುಂಡು ಗಿಡಿಯುವ ಉದ್ದನೆಯ ಮರದ ಕೋಲು. ನಮ್ಮಪ್ಪ ಅದರ ಮೇಲೆ ಚಾಕುವಿನಿಂದ ಎರಡು ಗೀರು ಹಾಕಿದ್ದ. ನಳಿಗೆ ಖಾಲಿ ಇದ್ದರೆ ಕೆಳಗಿನ ಗೀರು ಒಳಗೆ ಮುಳುಗಿ ಹೋಗಿ ಮೇಲಿನ ಗೀರು ಬಾಯಿಯ ಅಂಚಿಗೆ ನಿಲ್ಲುತ್ತದೆ. ತುಂಬಿದ್ದರೆ ಕೆಳಗಿನ ಗೀರೇ ಅಂಚಿಗೆ ನಿಲ್ಲುತ್ತದೆ. ನಾನು ಕೋವಿ ನೆಟ್ಟಗೆ ನಿಲ್ಲಿಸಿ ಗಜ ಬಿಟ್ಟೆ. ಖಾಲಿ ನಳಿಗೆಯಲ್ಲಿ ಅದು ಟಣ್ ಅಂತ ಬುಡ ಮುಟ್ಟಬೇಕು. ಡಬ್ ಅಂದಿತು. ಕೆಳಗಿನ ಗೀರು ಸರಿಯಾಗಿ ಅಂಚಿಗೆ ನಿಂತಿತು.

ಕೋವಿಯ ಬಾಯಿಯನ್ನು ಅವಳ ಕಡೆಯಿಂದ ಆಚೆ ತಿರುಗಿಸಿದೆ.

“ಏನಾಯ್ತು?” ಅಂದಳು ರೋವೀನಾ.

“ಇದು ತುಂಬಿದೆ.”

“ಅಂದ್ರೆ?”

“ಅಂದ್ರೆ ತುಂಬಿದೆ ಅಂತ! ಮದ್ದು, ಗುಂಡು, ಎಲ್ಲ. ಹನ್ನೊಂದು ತಿಂಗಳು ತುಂಬಿದ ಕೋವಿ ಮನೇಲಿ ಇಟ್ಕೊಂಡಿದ್ಯಲ್ಲೇ ಮಾರಾಯ್ತಿ!”

“ನನಗೇನು ಗೊತ್ತು? ಮೊಳೆಗೆ ನೇತು ಹಾಕಿದ್ದ. ನಾನು ವಾರಕ್ಕೊಮ್ಮೆ ಧೂಳು ಹೊಡೀತಿದ್ದೆ. ಬಾಯಲ್ಲಿ ಧೂಳು ಕೂತಿದ್ರೆ ಊದ್ತಿದ್ದೆ.”

“ಊದ್ತಿದ್ಯಾ? ಬಾಯಿಗೆ ಬಾಯಿಟ್ಟು?”

“ಮತ್ತೇನು ಕಿವಿಗಿಟ್ಟು ಊದಲಾ?”

ಬೇರೆ ದಿನವಾಗಿದ್ದರೆ ನಾನು ಒಂದು ಗಂಟೆ ಬೈಯುತ್ತಿದ್ದೆ. ಅವತ್ತು ಗಜದ ಗೀರನ್ನೇ ಇನ್ನೊಮ್ಮೆ ನೋಡಿದೆ. ನನ್ನ ತಮ್ಮ ಕೊನೆಯ ಸಲ ತುಂಬಿದ ಗುಂಡು ನನ್ನ ಕೈಯಲ್ಲಿತ್ತು. ಗೋಲಿಗುಂಡೋ ಮೂತಿಗುಂಡೋ? ಗೋಲಿಯಾದರೆ ಅವನು ನನ್ನ ಮಾತಿಗೆ ಮರಳಿದ್ದ. ಮೂತಿಯದಾದರೆ ಅಣ್ಣ ಹಾಳಾಗಿ ಹೋಗಲಿ ಅಂತ ಗಿಡಿದಿದ್ದ, ಆ ಸಿಟ್ಟಿನಲ್ಲೇ ಸತ್ತಿದ್ದ. ಮೂರ್ಖತನ ಅನ್ನಿಸಬಹುದು. ನನಗೆ ಅದಕ್ಕಿಂತ ದೊಡ್ಡ ವಿಷಯ ಆ ಹೊತ್ತಿಗೆ ಭೂಮಿ ಮೇಲೆ ಇರಲಿಲ್ಲ.

ಗೋಡೆಯ ಮೇಲಿನ ತಿರುಪು ತೆಗೆದುಕೊಂಡೆ. ಅದನ್ನು ಗಜದ ತುದಿಗೆ ಹಾಕಿ ಸೀಸಕ್ಕೆ ತಿರುಗಿಸಿ ಎಳೆದರೆ ಗುಂಡು ಹೊರಬರುತ್ತದೆ.

ರೋವೀನಾ ನನ್ನ ಮಣಿಕಟ್ಟು ಹಿಡಿದಳು. “ಏನ್ ಮಾಡ್ತಿದ್ದೀಯ?”

“ಕಿತ್ತು ನೋಡ್ತೀನಿ.”

“ಹಲ್ಲು ಕಿತ್ತ ಹಾಗೆ ಕೀಳ್ತೀಯಾ? ಅವನ ಕೈಯಿಂದ ಹೋದ ಗುಂಡು ಅದು. ಹೊಡೆಯೋಕೆ ಅಂತ ಹಾಕಿದ್ದು. ಹೊಡೀಬೇಕು.”

“ಅದು ಯಾವ ಗುಂಡು ಅಂತ ನನಗೆ ಗೊತ್ತಾಗಬೇಕು.”

“ಗೊತ್ತಾಗಿ?”

ನಾನು ಆಗ ಹೇಳಿದೆ. ಜಿಂಕೆ, ಹಳ್ಳ, ಡಬ್ಬಿ, ನಾನು ಅಂದ ಮಾತು. ಎಲ್ಲ ಹೇಳಿದೆ. ಅವಳು ಕೂತು ಕೇಳಿದಳು. ಒಂದು ಕೆಂಪು ಮೊಟ್ಟೆ ತೆಗೆದು ಅರ್ಧ ತಿಂದಳು, ಉಳಿದರ್ಧ ಕೈಯಲ್ಲೇ ಉಳಿಯಿತು.

“ಜಗಳ ಆಗಿದೆ ಅಂತ ಗೊತ್ತಿತ್ತು. ಹೀಗೆ ಅಂದಿದ್ದೆ ಅಂತ ಗೊತ್ತಿರಲಿಲ್ಲ” ಅಂದಳು. ಆಮೇಲೆ ಎದ್ದು ಕೋಟಿನ ಒಳಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. “ಇದು ಅವನ ಬೇಟೆ ಚೀಲದಲ್ಲಿತ್ತು. ಜಗಳ ಆದ ವಾರ ಹಳೇ ಕಲ್ಲುಕ್ವಾರಿಗೆ ಹೋಗಿ ಹೊಡೆದು ಬಂದಿದ್ದ. ಚೆನ್ನಾಗಿ ಹೊಡೆದಿದ್ದಾನೆ ಅಂತ ಎತ್ತಿಟ್ಟಿದ್ದೆ.”

ಗುರಿ ಹಚ್ಚುವ ಕಾಗದ. ಐದು ತೂತು. ಒಂದು ಮೇಲೆ, ಒಂದು ಮೂಲೆಗೆ, ಉಳಿದವು ದಿಕ್ಕಾಪಾಲು. ಒಂದಾದರೂ ದುಂಡಗಿರಲಿಲ್ಲ. ಎಲ್ಲ ಉದ್ದುದ್ದ, ಬೀಗದ ಕೈ ತೂರಿಸುವ ತೂತಿನ ಹಾಗೆ.

“ಇದು ಚೆನ್ನಾಗಿ ಹೊಡೆದಿದ್ದಾ? ನೋಡಿಲ್ಲಿ. ಗುಂಡು ಮೂತಿ ಮುಂದೆ ಮಾಡಿ ಹೋಗಿಲ್ಲ. ಅಡ್ಡಡ್ಡ ಮಲಗಿಕೊಂಡು ಹೋಗಿದೆ. ಈ ನಳಿಗೆಗೆ ಅದು ಆಗಲ್ಲ. ನಾನು ಬೇಡ ಅಂತ ಬಡ್ಕೊಂಡಿದ್ದು ಇದಕ್ಕೇ” ಅಂದೆ. ಹೇಳುವಾಗ ಎದೆ ಹಗುರಾಯಿತು. ಅವನೂ ಇದನ್ನು ಕಣ್ಣಾರೆ ನೋಡಿದ್ದ.

ರೋವೀನಾ ಸುಮ್ಮನಿರಲಿಲ್ಲ. ಡಬ್ಬಿ ತೆರೆದು ಗುಂಡುಗಳ ಮೇಲೆ ಬೆರಳಾಡಿಸಿದಳು. “ಇಪ್ಪತ್ತರ ಡಬ್ಬಿ. ಹದಿನಾಲ್ಕು ಇದೆ. ಕಾಗದದಲ್ಲಿ ಐದು ತೂತು. ಆರನೇದು ಎಲ್ಲಿ ಹೋಯ್ತು?”

ಇಬ್ಬರೂ ಕೋವಿಯ ಕಡೆ ನೋಡಿದೆವು.

ಹೊರಗೆ ಹೋದೆವು. ಕ್ಯಾಂಪಿನ ಹಿಂದೆ ಅಪ್ಪನ ಕಾಲದ ಮಣ್ಣಿನ ದಿಬ್ಬ ಇದೆ, ಗುರಿ ಹೊಡೆಯಲು ಮಾಡಿದ್ದು. ಹಳೆ ಮದ್ದನ್ನು ನಾನು ನಂಬುವುದಿಲ್ಲ. ಹಾಗಾಗಿ ಎರಡು ಮರದ ತುಂಡಿನ ಮೇಲೆ ಕೋವಿ ಮಲಗಿಸಿ ಹಗ್ಗದಿಂದ ಕಟ್ಟಿದೆ. ಬೆರಳಿನಿಂದ ಎಳೆಯುವ ಕೋವಿಯ ಕುದುರೆಗೆ ಉದ್ದನೆಯ ದಾರ ಕಟ್ಟಿದೆ. ಒಳಗಿನ ಮದ್ದಿಗೆ ಬೆಂಕಿ ಹೋಗುವ ಕಿವಿತೂತನ್ನು ತಂತಿಯಿಂದ ಚುಚ್ಚಿ, ಪಕ್ಕದ ಬಟ್ಟಲಿಗೆ ಹೊಸ ಮದ್ದು ಒಂದು ಚಿಟಿಕೆ ಹಾಕಿ, ಚಕಮಕಿ ಕಲ್ಲು ಎತ್ತಿ ನಿಲ್ಲಿಸಿದೆ. ಇಬ್ಬರೂ ಸೌದೆ ಗೂಡಿನ ಹಿಂದೆ ಕೂತೆವು.

“ಯಾವ ಗುಂಡು ಅಂತ ಹೇಗೆ ಗೊತ್ತಾಗುತ್ತೆ? ಅದು ಮಣ್ಣಿಗೆ ಹೋಗುತ್ತಲ್ಲ” ಅಂದಳು.

“ಗೋಲಿಗುಂಡಾದ್ರೆ ಬಟ್ಟೆ ಸುತ್ತಿರ್ತೀವಿ. ಗುಂಡು ಹೋಗುತ್ತೆ, ಬಟ್ಟೆ ಇಪ್ಪತ್ತು ಹೆಜ್ಜೆಯೊಳಗೆ ಕೆಳಗೆ ಬೀಳುತ್ತೆ. ಮೂತಿಗುಂಡಾದ್ರೆ ಪ್ಲಾಸ್ಟಿಕ್ ಬಟ್ಟಲು ಬೀಳುತ್ತೆ.”

“ದಾರ ನಾನು ಎಳೀತೀನಿ.”

“ಎಳಿ.”

ಎಳೆದಳು. ಕಿಡಿ ಹಾರಿತು, ಬಟ್ಟಲಿನ ಮದ್ದು ಭಗ್ ಅಂದಿತು, ಅಷ್ಟೇ. ಒಳಗಿನದು ಹತ್ತಲಿಲ್ಲ. ಎದ್ದು ಹೋಗಲು ಹೊರಟವಳ ಕೋಟು ಹಿಡಿದು ಕೂರಿಸಿದೆ. “ಕೂತ್ಕೋ. ಹತ್ತದೆ ಇದ್ದ ಕೋವಿ ಹತ್ತಿರ ತಕ್ಷಣ ಹೋಗಬಾರದು. ಒಳಗೆ ಹೊಗೀತಾ ಇರಬಹುದು.”

“ನಿನ್ನ ಹಾಗೆ” ಅಂದಳು.

ಎರಡು ನಿಮಿಷ ಕಾದು ಹೋಗಿ, ಕಿವಿತೂತನ್ನು ಮತ್ತೆ ಚುಚ್ಚಿ ಮದ್ದು ಹಾಕಿ ಬಂದೆ. ಈ ಸಲ ಅವಳು ಕಣ್ಣು ಮುಚ್ಚಿ ಎಳೆದಳು. ಕಿಡಿ, ಭಗ್, ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಇಡೀ ಗುಡ್ಡ ಗುಡುಗಿತು. ಬಿಳಿ ಹೊಗೆ ಕ್ಯಾಂಪನ್ನು ಮುಚ್ಚಿತು. ದಿಬ್ಬದಿಂದ ಹಿಮ ಸಿಡಿಯಿತು.

ನಾನು ಓಡಿದೆ. ಮೊಣಕಾಲು ನೋಯಲಿಲ್ಲ. ಕೋವಿಯ ಮುಂದೆ ಹಿಮದ ಮೇಲೆ ಕೈಕಾಲೂರಿ ಹುಡುಕಿದೆ. ಐದು ಹೆಜ್ಜೆ, ಎಂಟು ಹೆಜ್ಜೆ. ಮಸಿಯ ಚುಕ್ಕೆ ಬಿಟ್ಟು ಏನಿಲ್ಲ. ಪ್ಲಾಸ್ಟಿಕ್ಕೂ ಇಲ್ಲ. ಹಿಂದಿನಿಂದ ರೋವೀನಾ ಕೂಗಿದಳು, “ಅದೇನದು, ಎಡಗಡೆ?”

ಹದಿಮೂರನೆಯ ಹೆಜ್ಜೆಯಲ್ಲಿ ಅದು ಬಿದ್ದಿತ್ತು. ಹಿಮದೊಳಗೆ ಸಣ್ಣಗೆ ಹೊಗೆಯಾಡುತ್ತಿತ್ತು. ದುಂಡನೆಯ ಬಟ್ಟೆ, ಅಂಚು ಜೂಲು, ನಡುವೆ ಕಪ್ಪು.

ಗೋಲಿಗುಂಡು.

ನಾನು ಹಿಮದಲ್ಲೇ ಕೂತೆ. ಆದರೆ ಆ ಬಟ್ಟೆ ನನ್ನದಲ್ಲ. ನಾನು ಕೊಡುವುದು ಹಾಸಿಗೆಯ ನೀಲಿ ಪಟ್ಟೆ ಬಟ್ಟೆ. ಇದು ಮೆತ್ತನೆಯದು, ಮಸಿಯ ಪಕ್ಕದಲ್ಲಿ ಹಳದಿ ಹೂವು ಕಾಣುತ್ತಿತ್ತು. ರೋವೀನಾ ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದಳು.

“ಕಳ್ಳ! ಕಳ್ಳ ನನ್ಮಗ! ನನ್ನ ಮಲಗೋ ಅಂಗಿ ಇದು! ಒಂದು ತೋಳೇ ಇರಲಿಲ್ಲ ಹಾರ್ಲನ್. ಎರಡು ವಾರ ಹುಡುಕಿದೆ. ಒಗೆಯೋ ಮಿಶನ್ನು ತಿಂತು ಅಂದ. ನಾನು ನಂಬಿ ಮೆಕ್ಯಾನಿಕ್ಕನ್ನ ಕರೆಸಿದೆ!”

ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. ನನಗೂ ನಗು ಬಂತು. ಕತ್ತರಿಸಿಟ್ಟ ಬಟ್ಟೆಯ ಕರಡಿಗೆ ಇಲ್ಲಿ ಬಿಟ್ಟು ಹೋಗಿದ್ದ. ಬಂದು ಕೇಳಲು ಮನಸ್ಸಿಲ್ಲ. ಅದಕ್ಕೆ ಹೆಂಡತಿಯ ಅಂಗಿಯ ತೋಳು ಹಾರಿಸಿದ್ದ. ಆರನೆಯ ಮೂತಿಗುಂಡು ಕಾಗದಕ್ಕೇ ತಾಗಿರಲಿಕ್ಕಿಲ್ಲ.

“ಈಗ ಅರ್ಥ ಆಯ್ತು” ಅಂದಳು ರೋವೀನಾ, ಮೂಗು ಒರೆಸಿಕೊಳ್ಳುತ್ತ. “ಅಣ್ಣನ ಹತ್ತಿರ ಮಾತಾಡು ಅಂತ ನಾನು ಅವನಿಗೆ ಹೇಳಿದ್ದೆ. ‘ಅವನು ಹೇಳಿದ್ದೇ ಸರಿ ಇತ್ತು ಕಣೇ, ಆದ್ರೆ ಈಗಲೇ ಹೇಳಲ್ಲ. ಮುಂದಿನ ಕ್ರಿಸ್ಮಸ್‌ವರೆಗೆ ಉರೀಲಿ ಮಗ. ಆಮೇಲೆ ಹೇಳ್ತೀನಿ’ ಅಂದ. ಏನು ಸರಿ, ಏನು ಹೇಳೋದು ಅಂತ ನನಗೆ ಗೊತ್ತಾಗಲಿಲ್ಲ. ನಕ್ಕೊಂಡೇ ಹೇಳಿದ್ದ.”

“ನಕ್ಕೊಂಡಾ?”

“ಹೂಂ. ಆಲೂಗಡ್ಡೆ ಸುಲೀತಾ.”

ಹನ್ನೊಂದು ತಿಂಗಳು ಉರಿದೆನಲ್ಲ ನಾನು. ಅವನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಉರಿದೆ. ಆ ಬಟ್ಟೆಯನ್ನು ಇಸಿದುಕೊಂಡು ಜೇಬಿಗಿಟ್ಟೆ. ಅಲ್ಲಿಗೆ ಮುಗಿದಿದ್ದರೆ ನನಗೆ ಸಾಕಿತ್ತು.

ನಾನೇ ಕೇಳಿದೆ: “ಮತ್ತೆ ತುಂಬಿದವನು ಯಾಕೆ ಹೊಡೀಲಿಲ್ಲ?”

ರೋವೀನಾ ನಗು ನಿಲ್ಲಿಸಿದಳು. ಹಗ್ಗ ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಳು. “ಬೇಟೆ ಕಾಲದ ಕೊನೇ ಶನಿವಾರ ಒಬ್ಬನೇ ಹೋಗಿದ್ದ. ಹಳ್ಳದ ಆಚೆ, ಆ ಜಿಂಕೆ ಹೋದ ಕಡೆ. ಕತ್ತಲಾಗೋ ಮೊದಲೇ ಬಂದ. ಮೂರು ಹೆಣ್ಣು ಜಿಂಕೆ ಮುಂದೇನೇ ಬಂದು ನಿಂತವಂತೆ. ಯಾಕೆ ಹೊಡೀಲಿಲ್ಲ ಅಂದೆ. ದೂರ ಇತ್ತು ಅಂದ. ಎಷ್ಟು ದೂರ ಅಂದೆ. ಮೂವತ್ತು ಹೆಜ್ಜೆ ಅಂದ.”

ಮೂವತ್ತು ಹೆಜ್ಜೆ! ಡೆಲ್ಮರ್ ಎಪ್ಪತ್ತು ಹೆಜ್ಜೆಯಿಂದ ಇಸ್ಪೀಟು ಎಲೆಗೆ ಹೊಡೆಯುತ್ತಿದ್ದ.

“ಆಗ ನನಗೆ ಅರ್ಥ ಆಗಿರಲಿಲ್ಲ. ನೀನು ಏನಂದಿದ್ದೆ ಅಂತ ಇವತ್ತು ಹೇಳಿದ ಮೇಲೆ ಆಯ್ತು. ಗುಂಡಿನ ಜಗಳ ಅವನು ಮರೆತಿದ್ದ ಹಾರ್ಲನ್. ‘ಹೊಡೆದವನ ತಪ್ಪು’ ಅಂದ್ಯಲ್ಲ, ಅದನ್ನ ಮರೆತಿರಲಿಲ್ಲ” ಅಂದಳು.

ಹಿಮ ತಟ್ಟಿಕೊಂಡು ಎದ್ದು, ಕೋವಿ ಎತ್ತಿ ಅವಳ ಕೈಗೆ ಕೊಟ್ಟೆ. “ಒರೆಸು. ಒಳಗೆ ಮಸಿ ಕೂತಿದೆ” ಅಂದೆ.

ಗಜದ ತುದಿಗೆ ಒದ್ದೆ ಬಟ್ಟೆ ಬಿಗಿಯಾಗಿ ಸಿಕ್ಕಿಸಿ ಕೊಟ್ಟೆ. ಅವಳು ಒಳಗೆ ತಳ್ಳಿದಳು, ಹೊರಗೆ ಎಳೆದಳು. ಮತ್ತೆ ತಳ್ಳುವಾಗ ನಿಲ್ಲಿಸಿದಳು.

“ಇದು ತಿರುಗ್ತಾ ಇದೆ. ನಾನು ತಿರುಗಿಸ್ತಿಲ್ಲ, ಕೋಲು ತಾನೇ ತಿರುಗ್ತಿದೆ.”

“ನಳಿಗೆಯೊಳಗೆ ಸುರುಳಿ ಗೀರು ಇದೆ. ಬಟ್ಟೆ ಅದರಲ್ಲಿ ಸಿಕ್ಕಿಕೊಂಡು ತಿರುಗುತ್ತೆ. ಗುಂಡೂ ಹಾಗೇ ತಿರುಗಿಕೊಂಡು ಹೊರಬರುತ್ತೆ. ಎಷ್ಟು ತಿರುಗಿತು ನೋಡು.”

ಗಜದ ಹಿಡಿಗೆ ಮಸಿಯಿಂದ ಚುಕ್ಕೆ ಇಟ್ಟುಕೊಂಡು ಬುಡದವರೆಗೆ ತಳ್ಳಿದಳು. ಚುಕ್ಕೆ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಹೋಗಿ ನಿಂತಿತು.

“ಇಷ್ಟೇನಾ? ಒಂದು ಸುತ್ತೂ ಆಗಲಿಲ್ಲ.”

“ಈ ಕೋವೀಲಿ ಒಂದು ಸುತ್ತು ಆಗೋಕೆ ಒಂದು ಆಳುದ್ದ ಬೇಕು. ಗೋಲಿಗೆ ಅಷ್ಟು ಸಾಕು. ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಉದ್ದದ ಗುಂಡು ನೆಟ್ಟಗೆ ಹೋಗಬೇಕಾದ್ರೆ ಬುಗುರಿ ಹಾಗೆ ಜೋರಾಗಿ ತಿರುಗಬೇಕು. ಒಂದೂವರೆ ಮೊಳಕ್ಕೆ ಒಂದು ಸುತ್ತು ಇರೋ ನಳಿಗೆ ಬೇರೆ ಬರುತ್ತೆ, ಅದರಲ್ಲಿ ಇದೇ ಡಬ್ಬಿ ಗುಂಡು ಚೆನ್ನಾಗಿ ಹೋಗುತ್ತೆ. ಗುಂಡು ಕೆಟ್ಟದ್ದಲ್ಲ.”

“ಇದನ್ನ ಅವತ್ತು ಹೀಗೇ ಹೇಳಿದ್ರೆ ಆಗ್ತಿರಲಿಲ್ವಾ?”

“ಆಗ್ತಿತ್ತು” ಅಂದೆ.

ಅವಳು ಡಬ್ಬಿ ತೆಗೆದುಕೊಂಡು ಹೋಗಿ ಟ್ರಕ್ಕಿನಲ್ಲಿಟ್ಟು ಬಂದಳು. ಬಿಸಾಕಲಿಲ್ಲ. ಯಾರಿಗಾದರೂ ಕೊಡುತ್ತೇನೆ ಅಂದಳು. ನಾನು ಕಪಾಟಿನಿಂದ ಗೋಲಿಗುಂಡಿನ ಚರ್ಮದ ಚೀಲ ತೆಗೆದೆ. ಕಳೆದ ವರ್ಷ ನಾವಿಬ್ಬರೂ ಇದೇ ಒಲೆಯ ಮೇಲೆ ಸೀಸ ಕರಗಿಸಿ ಎರಕ ಹೊಯ್ದ ಗುಂಡುಗಳು. ಅವಳು ಒಂದೊಂದನ್ನೇ ಅಂಗೈ ಮೇಲೆ ಉರುಳಿಸಿ, ಉಗುರಿನಿಂದ ಗೀರಿ ನೋಡಿದಳು. ಉಗುರಿನ ಗುರುತು ಬೀಳುವಷ್ಟು ಮೆತ್ತಗಿರಬೇಕು, ಗಟ್ಟಿ ಸೀಸ ಗೀರಿಗೆ ಕೂರುವುದಿಲ್ಲ ಅಂತ ಹೇಳಿದೆ. ಗುಳಿ ಬಿದ್ದ ಎರಡನ್ನು ಅವಳೇ ಬೇರೆ ಇಟ್ಟಳು. ಅವು ಡೆಲ್ಮರ್ ಹೊಯ್ದವೇ ಇರಬೇಕು. ಅವನಿಗೆ ಅಚ್ಚು ಕಾಯುವವರೆಗೆ ತಾಳ್ಮೆ ಇರುತ್ತಿರಲಿಲ್ಲ. ಅವಳು ಆ ಎರಡನ್ನು ಮತ್ತೆ ಚೀಲಕ್ಕೆ ಹಾಕದೆ ತನ್ನ ಜೇಬಿಗೆ ಹಾಕಿಕೊಂಡಳು. ನಾನು ನೋಡದ ಹಾಗೆ ಮಾಡಿದೆ.

ಕಪಾಟಿನ ಮೇಲೆ ಕರಡಿಗೆ ಇತ್ತು. ಅವನು ಬಿಟ್ಟು ಹೋದದ್ದು. ವರ್ಷವಿಡೀ ಅದನ್ನು ಮುಟ್ಟಿರಲಿಲ್ಲ. ಇಳಿಸಿ ಅವಳ ಮುಂದಿಟ್ಟೆ. ಮುಚ್ಚಳ ತೆಗೆದಳು. ನೀಲಿ ಪಟ್ಟೆ ಬಿಲ್ಲೆಗಳು, ಜಿಂಕೆ ಕೊಬ್ಬು, ಜೇನುಮೇಣದ ವಾಸನೆ.

“ಇದನ್ನೂ ಕೊಡ್ತೀಯಾ?”

“ಪ್ರತಿ ಕ್ರಿಸ್ಮಸ್‌ಗೂ ಕೊಡೋದೇ ಅಲ್ವಾ.”

“ಒಳ್ಳೇದಾಯ್ತು. ಇನ್ನೊಂದು ತೋಳಾದ್ರೂ ಉಳೀತು.”

ಬೆಳಿಗ್ಗೆಯೆಲ್ಲ ದಿಬ್ಬಕ್ಕೆ ಹೊಡೆದಳು. ಮೊದಲನೆಯದು ಆಕಾಶಕ್ಕೆ. ಎರಡನೆಯದಕ್ಕೆ ಭುಜ ಉಜ್ಜಿಕೊಂಡು ನನ್ನ ವಂಶಕ್ಕೆಲ್ಲ ಬೈದಳು. ಐದನೆಯದಕ್ಕೆ ತಗಡಿನ ತಟ್ಟೆ ಟಣ್ ಅಂದಿತು. ಪ್ರತಿ ಸಲ ಹೋಗಿ ಬಿದ್ದ ಬಟ್ಟೆ ಹೆಕ್ಕಿ ತಂದು ನನಗೆ ತೋರಿಸಿದಳು. ಸುಟ್ಟಿಲ್ಲ, ಹರಿದಿಲ್ಲ ಅಂದರೆ ಗುಂಡು ಬಟ್ಟೆ ಮದ್ದು ಮೂರೂ ಹೊಂದಿದೆ ಅಂತ. ಒಂಬತ್ತರಲ್ಲಿ ಆರು ತಟ್ಟೆಗೆ ಬಿದ್ದವು. ಮೂವತ್ತು ಹೆಜ್ಜೆಯಿಂದ. ಅವಳು ಆ ದೂರವನ್ನು ತಾನೇ ಅಳೆದು ನಿಂತಿದ್ದಳು.

ಮಧ್ಯಾಹ್ನ ಒಳಗೆ ಬಂದು ಮೊಟ್ಟೆ, ಬ್ರೆಡ್ಡು ತಿಂದೆವು. ಕಾಡಿಗೆ ಹೋಗುವ ಮೊದಲು ಕೊನೆಯದಾಗಿ ತುಂಬಬೇಕು. ಅವಳು ಕೋವಿ ನಿಲ್ಲಿಸಿ ಹಿಡಿದಳು, ನಾನು ಒಂದೊಂದಾಗಿ ಕೈಗೆ ಕೊಡುತ್ತಿದ್ದೆ. ನನ್ನ ತಲೆ ಎಲ್ಲಿತ್ತೋ. ಹಳ್ಳದ ಆಚೆ, ಮೂವತ್ತು ಹೆಜ್ಜೆ ದೂರದಲ್ಲಿತ್ತು. ನಳಿಗೆಯ ಬಾಯಿ ಮೇಲೆ ಬಟ್ಟೆ ಇಟ್ಟೆ, ಗುಂಡು ಕೊಟ್ಟೆ.

ಅವಳು ತೆಗೆದುಕೊಳ್ಳಲಿಲ್ಲ.

“ಮದ್ದು?” ಅಂದಳು.

ಬೆಳಿಗ್ಗೆಯಷ್ಟೇ ಕೋವಿ ಹಿಡಿದವರು ಮಾಡುವ ತಪ್ಪು. ಮದ್ದು ಹಾಕದೆ ಗುಂಡು ಗಿಡಿಯುವುದು. ಯಾರಾದರೂ ಹಾಗೆ ಮಾಡಿದರೆ ಅವರ ಕಥೆ ಹತ್ತು ವರ್ಷ ಗುಡ್ಡದಲ್ಲೆಲ್ಲ ಓಡಾಡುತ್ತದೆ. ನಲವತ್ತು ವರ್ಷದಲ್ಲಿ ನನ್ನಿಂದ ಅದು ಒಂದು ಸಲವೂ ಆಗಿರಲಿಲ್ಲ.

“ಇದನ್ನ ಯಾರಿಗೂ ಹೇಳಬೇಡ” ಅಂದೆ.

“ಹೊಸ ವರ್ಷದ ಊಟಕ್ಕೆ ಇಡೀ ಚರ್ಚಿನವರು ಬರ್ತಾರೆ. ಹಂದಿ ಮಾಂಸ ಬಡಿಸ್ತಾ ಹೇಳ್ತೀನಿ.” ಅವಳು ಅಳತೆ ಕೊಂಬಿನಿಂದ ಮದ್ದು ತಾನೇ ಸುರಿದಳು. ಬಟ್ಟೆ ಇಟ್ಟಳು, ಗುಂಡು ಇಟ್ಟಳು, ಗಿಡಿದಳು. ಗಜದ ಕೆಳಗಿನ ಗೀರು ಅಂಚಿಗೆ ಬಂದು ನಿಂತದ್ದನ್ನು ಬೆರಳಿಟ್ಟು ನೋಡಿದಳು. ನನ್ನನ್ನು ಕೇಳಲಿಲ್ಲ.

ನಾನು ಬೂಟು ಹಾಕಿಕೊಳ್ಳತೊಡಗಿದೆ.

“ನೀನೆಲ್ಲಿಗೆ?”

“ನಿನ್ನ ಜೊತೆ. ಹಳ್ಳದ ದಾರಿ ಜಾರುತ್ತೆ.”

“ಬೇಡ. ನೀನು ಹಿಂದೆ ನಿಂತಿದ್ರೆ ನನ್ನ ಬೆರಳೂ ಎಳೆಯೋದಿಲ್ಲ.”

ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ. ಹಾಗೇ ಕೂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಟೋಪಿ ಎಳೆದುಕೊಂಡಳು, ಗುಂಡಿನ ಚೀಲ ಹೆಗಲಿಗೆ ಹಾಕಿದಳು, ಕರಡಿಗೆಯನ್ನು ಜೇಬಿಗಿಟ್ಟಳು. ಬಾಗಿಲ ಹತ್ತಿರ ಹೋದವಳನ್ನು ಕರೆದೆ.

“ರೋವೀನಾ.”

“ಏನು?”

“ಹೊಡಿ. ಹತ್ತಿರ ಬರಲಿ, ಪಕ್ಕೆ ಕಾಣಲಿ, ಆಮೇಲೆ ಹೊಡಿ. ಏಟು ಹಿಂದೆ ಮುಂದೆ ಆದ್ರೆ ಬಂದು ನನ್ನ ಕರಿ. ನಾನೂ ಬರ್ತೀನಿ. ಸಿಗೋವರೆಗೆ ಹುಡುಕೋಣ. ಎಷ್ಟು ದಿನ ಆದ್ರೂ ಸರಿ.”

ಅವಳು ನನ್ನನ್ನು ನೋಡಿದಳು. ಆ ಮಾತು ಯಾರಿಗೆ ಹೇಳಬೇಕಾಗಿತ್ತು ಅಂತ ಇಬ್ಬರಿಗೂ ಗೊತ್ತಿತ್ತು.

“ಮೊಣಕಾಲು?”

“ಹಾಳಾಗಿ ಹೋಗಲಿ ಮೊಣಕಾಲು.”

ತಲೆಯಾಡಿಸಿ ಹೊರಟಳು. ಮೆಟ್ಟಿಲಿಳಿದು, ಸೌದೆ ಗೂಡು ದಾಟಿ, ಹಳ್ಳದ ಕಡೆಯ ಹೆಮ್ಲಾಕ್ ಮರಗಳ ನಡುವೆ ನಡೆದಳು. ಕೋವಿಯ ಬಾಯಿ ಆಕಾಶಕ್ಕೆ ಮಾಡಿ ಹಿಡಿದಿದ್ದಳು, ನಾನು ಹೇಳಿಕೊಟ್ಟ ಹಾಗೆ. ಹಿಮದ ಗಾಳಿ ನೇರ ಒಳಗೆ ನುಗ್ಗಿತು. ಒಲೆಯ ಬೂದಿ ಹಾರಿತು.

“ಏ! ಬಾಗಿಲು!” ಅಂತ ಕೂಗಿದೆ.

ಕೇಳಿಸಿತು ಅವಳಿಗೆ. ಒಂದು ಕೈ ಎತ್ತಿದಳು. ತಿರುಗಿ ಬರಲಿಲ್ಲ.